ಹಿಂದೆ ಬಿದ್ದ ತಂಡದ ಅಭಿಮಾನಿ

ಗೆದ್ದ ತಂಡಕ್ಕೆ ಅಭಿಮಾನಿಗಳನ್ನು ಹುಡುಕಿಕೊಡಬೇಕಾಗಿಲ್ಲ. ಅವರು ತಾವಾಗಿಯೇ ಬರುತ್ತಾರೆ, ಹಾರತುರಾಯಿಗಳೊಡನೆ ಬರುತ್ತಾರೆ, ಮೆರವಣಿಗೆಯ ಮುಂಭಾಗದಲ್ಲಿಯೇ ನಿಲ್ಲುತ್ತಾರೆ. ಆಟ ಮುಗಿಯಲು ಐದಾರು ನಿಮಿಷ ಮಾತ್ರ ಉಳಿದಿದ್ದು, ತನ್ನ ತಂಡವು ಒಂದು ಗೋಲಿನಿಂದ ಹಿಂದೆ ಬಿದ್ದಿರುವಾಗ ಮೈದಾನದ ಅಂಚಿನಲ್ಲಿ ಇನ್ನೂ ಯಾರು ನಿಂತಿರುತ್ತಾರೆ ಎಂಬುದೇ ವಿಚಾರಿಸಬೇಕಾದ ಪ್ರಶ್ನೆ. ಹಾಕಿಯನ್ನು ಮನೆಮಾತಿನಷ್ಟು ಸಹಜವಾಗಿ ಬಲ್ಲ ಕೊಡಗಿನಲ್ಲಿ ಇಂತಹ ಪ್ರಶ್ನೆಯನ್ನೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಆಡುವವನಿಗೆ ಶಿಕ್ಷಣ ಬೇಕೆಂದು ಎಲ್ಲರೂ ಒಪ್ಪುವ ಈ ನಾಡಿನಲ್ಲಿ, ನೋಡುವವನಿಗೂ ಒಂದು ಶಿಕ್ಷಣ ಬೇಕೆಂಬುದನ್ನು ಹೇಳಿದವರು ವಿರಳ. ಆ ಶಿಕ್ಷಣದ ಮೊದಲ ಪಾಠ ಶಾಲೆಯ ಮೈದಾನದಲ್ಲಿಯೇ ನಡೆಯುವುದರಿಂದ, ಶಾಲೆಯ ಸಂಚಿಕೆಯೊಂದರಲ್ಲಿ ಈ ಮಾತಿಗೆ ಸ್ಥಳವುಂಟು.

೧೯೭೩ನೆಯ ಇಸವಿ ಸೆಪ್ಟೆಂಬರ್ ೨. ಹಾಲೆಂಡಿನ ಆಮ್‌ಸ್ಟೆಲ್‌ವೀನ್ ಎಂಬ ಊರಿನಲ್ಲಿ ಎರಡನೆಯ ವಿಶ್ವಕಪ್ ಹಾಕಿಯ ಅಂತಿಮ ಪಂದ್ಯ. ಭಾರತ ತಂಡದ ನಾಯಕರು ಕೊಡಗಿನವರೇ ಆದ ಎಂ. ಪಿ. ಗಣೇಶ್; ಮುಂಚೂಣಿಯ ಆಟಗಾರರಲ್ಲೊಬ್ಬರು ಸೋಮವಾರಪೇಟೆಯ ಬಿ. ಪಿ. ಗೋವಿಂದ. ಉಪಾಂತ್ಯದಲ್ಲಿ ಪಾಕಿಸ್ತಾನವನ್ನು ೧–೦ ರಿಂದ ಸೋಲಿಸಿ ಬಂದಿದ್ದ ತಂಡಕ್ಕೆ ಈಗ ಎದುರಾಳಿ, ಆತಿಥೇಯ ಹಾಲೆಂಡ್. ಸುರ್ಜಿತ್ ಸಿಂಗ್ ಅವರ ಎರಡು ಗೋಲುಗಳಿಂದ ಭಾರತವು ಆರಂಭದಲ್ಲಿಯೇ ಮುನ್ನಡೆ ಪಡೆಯಿತು. ಹಾಲೆಂಡ್ ಎರಡನ್ನೂ ತೀರಿಸಿತು. ಹೆಚ್ಚುವರಿ ವೇಳೆಯಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಅಂದರೆ ಮುಂದೆ ಗೋಲ್‌ಕೀಪರನೊಬ್ಬನೇ, ನಡುವೆ ಕೆಲವೇ ಗಜಗಳ ಅಂತರ, ಇಡೀ ಮೈದಾನವೇ ಉಸಿರು ಬಿಗಿಹಿಡಿದ ಕ್ಷಣ. ಗೋಲಾಗಿದ್ದರೆ ಕಪ್ ಭಾರತದ್ದು. ಚೆಂಡಿನ ಮುಂದೆ ನಿಂತವರು ಗೋವಿಂದ. ಗೋಲಾಗಲಿಲ್ಲ. ಅನಂತರ ಸ್ಟ್ರೋಕುಗಳ ಸರದಿಯಲ್ಲಿ ಹಾಲೆಂಡ್ ೪–೨ ರಿಂದ ಗೆದ್ದಿತು. ಭಾರತಕ್ಕೆ ಬೆಳ್ಳಿ ಉಳಿಯಿತು.

ಬೆಳ್ಳಿಯೆಂದರೆ ಸಣ್ಣದೇನಲ್ಲ ಎಂದು ಇಂದು ಹೇಳುವುದು ಸುಲಭ. ಒಲಿಂಪಿಕ್ಸಿನಲ್ಲಿ ಏಳು ಬಾರಿ ಚಿನ್ನ ಗೆದ್ದು, ೧೯೬೮ ಹಾಗೂ ೧೯೭೨ರಲ್ಲಿ ಕಂಚಿಗೆ ಇಳಿದು, ೧೯೭೧ರ ಮೊದಲ ವಿಶ್ವಕಪ್ಪಿನಲ್ಲಿಯೂ ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟಿದ್ದ ರಾಷ್ಟ್ರಕ್ಕೆ ಅಂದಿನ ಬೆಳ್ಳಿ ಸಾಂತ್ವನವಾಗಿರಲಿಲ್ಲ; ಕೈಯಲ್ಲಿದ್ದ ತುತ್ತು ಬಾಯಿಗೆ ಬರಲಿಲ್ಲವೆಂಬ ನೋವಾಗಿತ್ತು. ಇಂತಹ ಸಂದರ್ಭದಲ್ಲಿ ಸೋಲಿಗೆ ಒಂದು ಹೆಸರನ್ನು ಅಂಟಿಸಿಬಿಡುವುದು ಲೋಕದ ರೂಢಿ. ಎಪ್ಪತ್ತು ನಿಮಿಷಗಳಲ್ಲಿ ಹನ್ನೊಂದು ಮಂದಿ ಮಾಡಿದ, ಮಾಡದೆ ಹೋದ ನೂರು ಕೆಲಸಗಳನ್ನು ಮರೆತು, ಕೊನೆಯಲ್ಲಿ ಚೆಂಡಿನ ಬಳಿ ನಿಂತಿದ್ದವನೊಬ್ಬನನ್ನೇ ನೆನಪಿನಲ್ಲಿಡುವುದು ಎಷ್ಟು ಅನ್ಯಾಯವೋ ಅಷ್ಟೇ ಸುಲಭ. ಎರಡು ಗೋಲಿನ ಮುನ್ನಡೆಯನ್ನು ಕಳೆದುಕೊಂಡವರು ಯಾರೆಂದು ಯಾರೂ ಕೇಳುವುದಿಲ್ಲ.

ಗೋವಿಂದರ ವಿಷಯದಲ್ಲಿ ಆಯ್ಕೆಗಾರರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ೧೯೭೪ರ ತೆಹರಾನ್ ಏಷ್ಯನ್ ಕ್ರೀಡೆಗಳಲ್ಲಿ ಅವರು ಆಡಿದರು. ಅಲ್ಲಿಯೂ ಪಾಕಿಸ್ತಾನಕ್ಕೆ ಚಿನ್ನ, ಭಾರತಕ್ಕೆ ಬೆಳ್ಳಿ. ೧೯೭೫ರ ಮಾರ್ಚ್ ತಿಂಗಳಲ್ಲಿ ಕೌಲಾಲಂಪುರದಲ್ಲಿ ಮೂರನೆಯ ವಿಶ್ವಕಪ್ ಆರಂಭವಾದಾಗ ಅಜಿತ್‌ಪಾಲ್ ಸಿಂಗ್ ಅವರ ನಾಯಕತ್ವದ ತಂಡದಲ್ಲಿ ಸೋಮವಾರಪೇಟೆಯ ಹೆಸರು ಮತ್ತೆ ಇತ್ತು.

ಮಾರ್ಚ್ ತಿಂಗಳೆಂದರೆ ಕೊಡಗಿನಲ್ಲಿ ಕಾಫಿಯ ಗಿಡವು ಹೂಮಳೆಗಾಗಿ ಕಾಯುವ ಕಾಲ. ಮೊಗ್ಗು ಸಿದ್ಧವಾಗಿರುತ್ತದೆ, ಮಳೆ ಬಿದ್ದರೆ ಬೆಳೆ, ಬೀಳದಿದ್ದರೆ ಮುಂದಿನ ವರ್ಷದ ಮಾತು. ಕಾಯುವುದನ್ನು ಇಲ್ಲಿನ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ವರ್ಷ ಹಾಕಿಯನ್ನು ಹಿಂಬಾಲಿಸುವವರು ಕಾಯಬೇಕಾಗಿದ್ದುದು ಆಕಾಶದ ಮೋಡವನ್ನಷ್ಟೇ ಅಲ್ಲ, ಆಕಾಶವಾಣಿಯನ್ನೂ. ಕೊಡಗಿಗೆ ಆಗ ದೂರದರ್ಶನವಿರಲಿಲ್ಲ. ಇದ್ದದ್ದು ರೇಡಿಯೋ, ಅದರಲ್ಲಿ ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ. ಹಿಂದಿ ಅರ್ಥವಾಗದವರಿಗೂ ಆ ಧ್ವನಿಯ ಏರಿಳಿತದಿಂದಲೇ ಚೆಂಡು ಯಾವ ಕಡೆಗಿದೆಯೆಂದು ತಿಳಿಯುತ್ತಿತ್ತು. (ಅಂದು ರೇಡಿಯೋದ ಬಳಿ ಕುಳಿತಿದ್ದೆವೆಂದು ಇಂದು ಹೇಳಿಕೊಳ್ಳುವವರೆಲ್ಲರೂ ನಿಜವಾಗಿ ಕುಳಿತಿದ್ದರೆ, ಅಂದಿನ ಜಿಲ್ಲೆಯಲ್ಲಿದ್ದ ರೇಡಿಯೋಗಳು ಸಾಲುತ್ತಿರಲಿಲ್ಲವೆಂಬುದು ಬೇರೆಯ ಮಾತು.)

ಆ ಪಂದ್ಯಾವಳಿಯಲ್ಲಿ ಭಾರತದ ದಾರಿ ನೇರವಾಗಿರಲಿಲ್ಲ. ಗುಂಪಿನ ಹಂತದಲ್ಲಿಯೇ ಅರ್ಜೆಂಟೀನಾಕ್ಕೆ ಸೋತು, ಆಸ್ಟ್ರೇಲಿಯಾದೊಡನೆ ಸಮಮಾಡಿಕೊಂಡು, ಪಶ್ಚಿಮ ಜರ್ಮನಿಯನ್ನು ೩–೧ ರಿಂದ ಸೋಲಿಸಿ ಹೇಗೋ ಉಪಾಂತ್ಯವನ್ನು ತಲುಪಿತು. ಅಲ್ಲಿ ಎದುರಾಳಿ ಮತ್ತೆ ಆತಿಥೇಯ ತಂಡವೇ, ಮಲೇಷ್ಯಾ. ಮೈದಾನದ ತುಂಬ ಅವರದೇ ಜನ. ಆಟ ಮುಗಿಯಲು ಐದು ನಿಮಿಷವಿರುವಾಗ ಭಾರತ ೧–೨ ರಿಂದ ಹಿಂದಿತ್ತು. ಎರಡು ವರ್ಷಗಳ ಹಿಂದಿನ ನೋವು ಮರುಕಳಿಸುವಂತಿತ್ತು. ಆಗ ಮೈಕೆಲ್ ಕಿಂಡೋ ಅವರ ಸ್ಥಾನದಲ್ಲಿ ಅಸ್ಲಂ ಶೇರ್ ಖಾನ್ ಮೈದಾನಕ್ಕಿಳಿದರು. ೧೯೩೬ರ ಬರ್ಲಿನ್ ಒಲಿಂಪಿಕ್ಸಿನ ವಿಜಯಿ ತಂಡದಲ್ಲಿದ್ದ ಅಹ್ಮದ್ ಶೇರ್ ಖಾನರ ಮಗ ಆತ. ಪೆನಾಲ್ಟಿ ಕಾರ್ನರ್ ದೊರೆಯಿತು. ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಹೆಚ್ಚುವರಿ ವೇಳೆಯಲ್ಲಿ ಹರ್‌ಚರಣ್ ಸಿಂಗ್ ಮೂರನೆಯ ಗೋಲು ಹೊಡೆದರು. ಮಾರ್ಚ್ ೧೫ರ ಅಂತಿಮ ಪಂದ್ಯದಲ್ಲಿಯೂ ಮೊದಲು ಗೋಲು ಹೊಡೆದದ್ದು ಪಾಕಿಸ್ತಾನವೇ. ಸುರ್ಜಿತ್ ಸಿಂಗ್ ಅದನ್ನು ತೀರಿಸಿದರು, ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಗೆಲುವಿನ ಗೋಲು ತಂದರು. ೨–೧. ಭಾರತದ ಪುರುಷರು ವಿಶ್ವಕಪ್ಪನ್ನು ಗೆದ್ದದ್ದು ಆ ಒಂದು ಬಾರಿ ಮಾತ್ರ. ಅದು ಇಂದಿಗೂ ಹಾಗೆಯೇ ಇದೆ. ಆಮ್‌ಸ್ಟೆಲ್‌ವೀನಿನಲ್ಲಿ ಸ್ಟ್ರೋಕ್ ತಪ್ಪಿಸಿದ ಆಟಗಾರರು ಕೌಲಾಲಂಪುರದಲ್ಲಿ ವಿಶ್ವವಿಜೇತ ತಂಡದ ಸದಸ್ಯರು. ಅದೇ ಸಾಲಿನಲ್ಲಿ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂದಿತು.

ರೇಡಿಯೋದ ಮುಂದೆ ಕುಳಿತವನ ತಾಳ್ಮೆಯಿಂದ ಕೌಲಾಲಂಪುರದ ಚೆಂಡು ಒಂದು ಅಂಗುಲವಾದರೂ ಸರಿಯಿತೇ ಎಂದು ವಿಚಾರವಂತರು ಕೇಳಬಹುದು. ಸರಿಯಲಿಲ್ಲ. ಅದನ್ನು ಒಪ್ಪಿಕೊಳ್ಳುವುದೇ ಲೇಸು. ಸೋಮವಾರಪೇಟೆಯಲ್ಲಿ ಒಬ್ಬನು ರೇಡಿಯೋದ ಕಿವಿ ತಿರುಗಿಸಿ ಮಲಗಿದ್ದರೂ ಅಸ್ಲಂ ಶೇರ್ ಖಾನರು ಗೋಲು ಹೊಡೆಯುತ್ತಿದ್ದರು. ಆದರೆ ಆ ಮನೆಯಲ್ಲಿ, ಆ ರೇಡಿಯೋದ ಸುತ್ತ ಇನ್ನೂ ಕೆಲವರು ಇರುತ್ತಾರೆ. ಅವರಲ್ಲಿ ಒಂದೆರಡು ಮಕ್ಕಳೂ ಇರುತ್ತಾರೆ. ಒಂದಕ್ಕೆ ಎರಡೆಂದು ಕೇಳಿದೊಡನೆ ಹಿರಿಯರು ‘ಇವರ ಹಣೆಬರಹವೇ ಇಷ್ಟು’ ಎಂದು ಎದ್ದುಹೋದರೆ ಮಗುವು ಒಂದು ಪಾಠವನ್ನು ಕಲಿಯುತ್ತದೆ. ಅವರು ಕೊನೆಯವರೆಗೂ ಕುಳಿತರೆ ಮತ್ತೊಂದನ್ನು. ನೋಡುವವನ ಕೆಲಸದ ಫಲ ಚೆಂಡಿನ ಮೇಲೆ ಕಾಣುವುದಿಲ್ಲ, ಪಕ್ಕದಲ್ಲಿ ಕುಳಿತವನ ಮೇಲೆ ಕಾಣುತ್ತದೆ. ಈ ಫಲವು ಬರುವುದು ಹತ್ತು ಹದಿನೈದು ವರ್ಷಗಳ ಅನಂತರ. ಆದಕಾರಣ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೋಡುವವರು ತಮ್ಮ ಕೆಲಸವನ್ನು ಕೆಡಿಸಿದ ನಿದರ್ಶನವೂ ಇದೇ ಆಟದಲ್ಲುಂಟು, ಅದನ್ನು ಮರೆಮಾಚಬಾರದು. ೧೯೮೨ರ ಡಿಸೆಂಬರ್ ೧ರಂದು ದೆಹಲಿಯ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತವು ಪಾಕಿಸ್ತಾನಕ್ಕೆ ೧–೭ ರಿಂದ ಸೋತಿತು. ದೇಶವೇ ದೂರದರ್ಶನದಲ್ಲಿ ನೋಡಿದ ಸೋಲು ಅದು. ಏಳು ಗೋಲುಗಳಿಗೂ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಒಬ್ಬರನ್ನೇ ಹೊಣೆಮಾಡಿ, ಅವರನ್ನು ದೇಶದ್ರೋಹಿಯೆಂದು ಕರೆಯುವ ಮಟ್ಟಕ್ಕೆ ಜನ ಇಳಿದರು. ಆ ಆರೋಪಕ್ಕೆ ಆಧಾರವಿರಲಿಲ್ಲ. ಮುಂದೆ ಅವರು ತರಬೇತುದಾರರಾಗಿ ಮರಳಿ, ೨೦೦೨ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ಗೋಲ್‌ಕೀಪರುಗಳನ್ನು ತಿದ್ದಿದರು. ಆದರೆ ನಡುವಿನ ವರ್ಷಗಳನ್ನು ಅವರಿಗೆ ಹಿಂದಿರುಗಿಸಿಕೊಟ್ಟವರು ಯಾರು? ಗೋವಿಂದರಿಗೆ ಒಂದೂವರೆ ವರ್ಷದಲ್ಲಿ ಸಿಕ್ಕ ಅವಕಾಶ ನೇಗಿಯವರಿಗೆ ಸಿಗಲು ಅರ್ಧ ಆಯುಸ್ಸು ಹಿಡಿಯಿತು. ಇಬ್ಬರ ಆಟದಲ್ಲಿನ ವ್ಯತ್ಯಾಸ ಇದಕ್ಕೆ ಕಾರಣವಲ್ಲ. ಸುತ್ತಲಿದ್ದವರ ನಡತೆಯಲ್ಲಿನ ವ್ಯತ್ಯಾಸ ಕಾರಣ.

ಶಾಲೆಗಳ ಕಡೆಗೆ ತಿರುಗಿ ನೋಡಿದರೆ ಇದೇ ಕಥೆಯ ಸಣ್ಣ ಪ್ರತಿಗಳು ಪ್ರತಿವರ್ಷವೂ ಸಿಗುತ್ತವೆ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಸ್ಟ್ರೋಕ್ ತಪ್ಪಿಸಿದ ಒಂಬತ್ತನೆಯ ತರಗತಿಯ ಹುಡುಗನಿಗೆ ಮಾರನೆಯ ದಿನ ತರಗತಿಯಲ್ಲಿ ಒಂದು ಅಡ್ಡಹೆಸರು ಬಿದ್ದಿರುತ್ತದೆ. ಸಹಪಾಠಿಗಳು ಇಟ್ಟರೆ ಅದು ಹುಡುಗುತನ. ಅಧ್ಯಾಪಕರೇ ನಕ್ಕು ಅದನ್ನು ಬಳಸಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಗೆದ್ದ ತಂಡವನ್ನು ಕರೆಯುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ, ಸಂಚಿಕೆಯಲ್ಲಿ ಅಚ್ಚುಹಾಕುತ್ತಾರೆ. ಉಪಾಂತ್ಯದಲ್ಲಿ ಸೋತ ತಂಡದ ಹೆಸರು ವರದಿಯ ಒಂದು ಸಾಲಿನಲ್ಲಿಯೂ ಇರುವುದಿಲ್ಲ. ಪ್ರೌಢಶಾಲೆಯ ಕ್ರೀಡಾಜೀವನದಲ್ಲಿ ಬಹುಪಾಲು ಮಕ್ಕಳು ಪಡೆಯುವ ಅನುಭವ ಸೋಲಿನದೇ ಆಗಿರುವಾಗ, ಆ ಅನುಭವವನ್ನು ಹೇಗೆ ಹೊರಬೇಕೆಂಬುದನ್ನು ಕಲಿಸದ ಶಾಲೆಯು ವ್ಯಾಯಾಮದ ಅವಧಿಯಲ್ಲಿ ಕಲಿಸುವುದಾದರೂ ಏನನ್ನು?

ಕೊಡಗಿನ ಅಭಿಮಾನಕ್ಕೆ ಇನ್ನೊಂದು ದೌರ್ಬಲ್ಯವೂ ಉಂಟು. ರಾಷ್ಟ್ರೀಯ ತಂಡದ ಪಟ್ಟಿ ಹೊರಬಿದ್ದೊಡನೆ ‘ನಮ್ಮವರೆಷ್ಟು’ ಎಂದು ಎಣಿಸುವುದು ಇಲ್ಲಿನ ಹಳೆಯ ಅಭ್ಯಾಸ. ಎಣಿಸಲು ಕಾರಣವೂ ಇತ್ತು. ೧೯೮೦ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಸ್ಪೇನನ್ನು ೪–೩ ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಎಂ. ಎಂ. ಸೋಮಯ್ಯ ಇದ್ದರು, ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿ ಅವರೇ ನಾಯಕರು. ಗೋಲ್‌ಕೀಪರ್ ಎ. ಬಿ. ಸುಬ್ಬಯ್ಯ, ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, ಅದೇ ಊರಿನ ಬಡಗಿಯೊಬ್ಬರ ಮಗ ಎಸ್. ವಿ. ಸುನಿಲ್, ಹೀಗೆ ಸಾಲು ಬೆಳೆಯಿತು. ೨೦೧೪ರ ಇಂಚಾನ್ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲು ಹಿಂದೆ ಬಿದ್ದು, ೧–೧ ಸಮಮಾಡಿ, ಶೂಟೌಟಿನಲ್ಲಿ ೪–೨ ರಿಂದ ಗೆದ್ದ ತಂಡದಲ್ಲಿ ಸುನಿಲ್ ಅವರೂ ವಿ. ಆರ್. ರಘುನಾಥ್ ಅವರೂ ಇದ್ದರು. ೨೦೧೬ರ ರಿಯೋ ಒಲಿಂಪಿಕ್ಸಿಗೆ ಈ ಇಬ್ಬರೊಡನೆ ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಸೇರಿ ನಾಲ್ವರು ಹೋದರು.

ಅನಂತರದ ಒಲಿಂಪಿಕ್ಸ್ ೨೦೨೧ರಲ್ಲಿ ಟೋಕಿಯೋದಲ್ಲಿ ನಡೆಯಿತು. ಪಟ್ಟಿಯಲ್ಲಿ ಕೊಡಗಿನವರು ಒಬ್ಬರೂ ಇರಲಿಲ್ಲ.

ಆ ಆಗಸ್ಟ್ ೫ರ ಬೆಳಿಗ್ಗೆ ಕಂಚಿನ ಪದಕಕ್ಕಾಗಿ ಭಾರತ ಜರ್ಮನಿಯೊಡನೆ ಆಡಿತು. ಎರಡನೆಯ ಕ್ವಾರ್ಟರಿನಲ್ಲಿ ೧–೩ ರಿಂದ ಹಿಂದೆ. ಎಣಿಕೆಯ ಅಭಿಮಾನಿಗೆ ಟಿ.ವಿ. ಆರಿಸಿ ತೋಟಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ನೆವ ಬೇಕಾಗಿರಲಿಲ್ಲ: ತಂಡ ಸೋಲುತ್ತಿದೆ, ತಂಡದಲ್ಲಿ ನಮ್ಮವರೂ ಇಲ್ಲ. ಹಾಗೆ ಎದ್ದುಹೋದವನು ಅರ್ಧವಿರಾಮದೊಳಗೆ ೩–೩ ಆದದ್ದನ್ನು ನೋಡಲಿಲ್ಲ. ೫–೩ ಆದದ್ದನ್ನು, ಜರ್ಮನಿ ನಾಲ್ಕನೆಯದನ್ನು ಹೊಡೆದದ್ದನ್ನು, ಗಡಿಯಾರದಲ್ಲಿ ಆರು ಸೆಕೆಂಡು ಉಳಿದಿರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆತದ್ದನ್ನು, ಕೇರಳದ ಶ್ರೀಜೇಶ್ ಅದನ್ನು ತಡೆದದ್ದನ್ನು ನೋಡಲಿಲ್ಲ. ನಲವತ್ತೊಂದು ವರ್ಷಗಳ ಅನಂತರ ಬಂದ ಒಲಿಂಪಿಕ್ ಪದಕವು ಅವನಿಗೆ ಮಧ್ಯಾಹ್ನದ ವಾರ್ತೆಯಲ್ಲಿ ಸಿಕ್ಕಿತು. ೨೦೨೪ರಲ್ಲಿ ಪ್ಯಾರಿಸ್ಸಿಗೆ ಹೋದ ತಂಡದಲ್ಲಿಯೂ ಕೊಡಗಿನ ಹೆಸರಿರಲಿಲ್ಲ. ಬ್ರಿಟನ್ನಿನ ವಿರುದ್ಧ ಅರ್ಧಕ್ಕೂ ಹೆಚ್ಚಿನ ಆಟವನ್ನು ಹತ್ತೇ ಮಂದಿ ಆಡಿ ಶೂಟೌಟಿನಲ್ಲಿ ಗೆದ್ದದ್ದು ಆ ತಂಡ, ಮತ್ತೆ ಕಂಚು ತಂದದ್ದೂ ಅದೇ ತಂಡ.

ಪಂಜಾಬಿನ, ಒಡಿಶಾದ, ಮಣಿಪುರದ ಹುಡುಗರಿಗಾಗಿ ಕೊಡಗಿನ ಮನೆಯೊಂದರಲ್ಲಿ ಅಂದು ಕೊನೆಯವರೆಗೂ ಕುಳಿತವನೇ ಹಾಕಿಯನ್ನು ಪ್ರೀತಿಸಿದವನು. ಪಟ್ಟಿಯನ್ನು ಎಣಿಸಿದವನು ತನ್ನ ಹೆಸರನ್ನು ಪ್ರೀತಿಸಿದವನು. ಇಷ್ಟು ಹೇಳಿದ ಮೇಲೆ, ಆ ಪಟ್ಟಿ ಬರಿದಾಗಿರುವುದು ಚಿಂತೆಯ ವಿಷಯವಲ್ಲವೆಂದು ಯಾರೂ ತಿಳಿಯಬಾರದು. ಈಗ ಹಿಂದೆ ಬಿದ್ದಿರುವ ತಂಡ ಕೊಡಗೇ ಆಗಿದೆ. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಕೃತಕ ಹಾಸಿನ ಮೇಲೆ ಆಟ ನಡೆದಾಗ ಗೋವಿಂದರಿದ್ದ ಭಾರತ ತಂಡವೇ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ ಕಲಿತ ಕೈ ಹಾಸಿನ ಮೇಲೆ ತಡವರಿಸುತ್ತದೆ. ಇಂದು ಹತ್ತು ವರ್ಷದ ಮಗು ಮೊದಲಿನಿಂದಲೇ ಹಾಸಿನ ಮೇಲೆ ಓಡಬೇಕು; ಕೊಡಗಿನ ಬಹುಪಾಲು ಶಾಲೆಗಳ ಮಕ್ಕಳು ಓಡುವುದು ಮಳೆಗಾಲದಲ್ಲಿ ಕೆಸರಾಗಿ ಬೇಸಗೆಯಲ್ಲಿ ಕಲ್ಲಾಗುವ ಮೈದಾನದ ಮೇಲೆ.

ಹಾಗೆಂದು ಜನರಲ್ಲಿ ಆಟದ ಹಸಿವು ಇಂಗಿದೆಯೆಂದು ಹೇಳುವಂತಿಲ್ಲ. ೧೯೯೭ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದವು ೬೦ ಕುಟುಂಬಗಳು. ೨೦೧೮ರ ಅನಂತರ ಪ್ರಕೃತಿ ವಿಕೋಪವೂ ಕೊರೋನಾ ಪಿಡುಗೂ ಬಂದು ಹಬ್ಬ ನಾಲ್ಕು ವರ್ಷ ನಿಂತುಹೋಯಿತು. ಇನ್ನು ಮುಗಿಯಿತೆಂದವರೂ ಇದ್ದರು. ೨೦೨೩ರಲ್ಲಿ ನಾಪೋಕ್ಲಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬವು ಅದನ್ನು ಮತ್ತೆ ನಡೆಸಿತು. ೨೦೨೪ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ೩೬೦ ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು; ೨೦೨೫ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬವು ಕರೆದಾಗ ಬಂದವು ೩೯೬. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ, ಸೊಸೆಯೂ ಮೈದುನನೂ ಒಂದೇ ತಂಡದಲ್ಲಿ ಆಡುವ ಹಬ್ಬ ಬೇರೆಲ್ಲಿಯೂ ಇರಲಾರದು. ಸೋತ ತಂಡ ಮನೆಗೆ ಹೋಗುವ ಪದ್ಧತಿಯ ಪಂದ್ಯಾವಳಿ ಇದಾದ್ದರಿಂದ ೩೯೬ರಲ್ಲಿ ೩೯೫ ಕುಟುಂಬಗಳು ಸೋತೇ ಹಿಂದಿರುಗುತ್ತವೆ. ಹೆಚ್ಚಿನವು ಮೊದಲ ಒಂದೆರಡು ಸುತ್ತಿನಲ್ಲಿಯೇ. ಆದರೂ ಮರುವರ್ಷ ಮತ್ತೆ ನೂರಾರು ಕುಟುಂಬಗಳು ಬರುತ್ತವೆ. ತನ್ನ ಕುಟುಂಬ ಸೋತ ಮೇಲೂ ಅಂತಿಮ ಪಂದ್ಯದವರೆಗೆ ಮೈದಾನದ ಮೆಟ್ಟಿಲುಗಳ ಮೇಲೆ ಕುಳಿತಿರುವ ಹಿರಿಯರನ್ನು ಅಲ್ಲಿ ಕಾಣಬಹುದು.

ಆದರೆ ಆ ಹಬ್ಬದ ಬಾಗಿಲು ಸ್ವಭಾವತಃ ಕುಟುಂಬದ ಬಾಗಿಲು. ಗೋವಿಂದ, ಸುನಿಲ್ ಇವರಂಥ ಮಕ್ಕಳು ಯಾವ ಜಾತಿಯ, ಯಾವ ಮನೆತನದ, ಯಾವ ಕೇರಿಯ ಬಾಗಿಲಿನಿಂದ ಬರುತ್ತಾರೆಂದು ಮೊದಲೇ ಹೇಳಲಾಗದು. ಎಲ್ಲರಿಗೂ ತೆರೆದಿರುವ ಬಾಗಿಲು ಶಾಲೆಯದೊಂದೇ. ಉತ್ತರ ಕೊಡಗಿನ ಶಾಲೆಗಳಿಗೆ ಈ ಹೊಣೆ ಇನ್ನಷ್ಟು ಹೆಚ್ಚು. ವಿದ್ಯಾರ್ಥಿನಿಲಯದ ಗಂಜಿ ಉಂಡು, ಒಬ್ಬರ ಹಳೆಯ ಹಾಕಿ ಕೋಲನ್ನು ಮೂವರು ಹಂಚಿಕೊಂಡು ಆಡುವ ಹುಡುಗರು ಅಲ್ಲಿದ್ದಾರೆ.

ದಾನಿಗಳ ಔದಾರ್ಯದಲ್ಲಿ ಕೊರತೆ ಕಾಣದು, ಅದು ಹರಿಯುವ ದಿಕ್ಕಿನಲ್ಲಿ ಮಾತ್ರ ಒಂದಿಷ್ಟು ತಿದ್ದುಪಡಿ ಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಪರ್ಯಾಯ ಪಾರಿತೋಷಕವನ್ನು ಇಡುವವರು ಬಹಳ. ಬೆಳ್ಳಿಯ ಬಣ್ಣದ ಆ ಫಲಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಕಪಾಟಿನಲ್ಲಿ ಸ್ಥಳವಿಲ್ಲದೆ ಒಂದರ ಹಿಂದೊಂದು ನಿಂತಿರುತ್ತವೆ. ಅದೇ ಹಣದಲ್ಲಿ ಐದನೆಯ ತರಗತಿಯ ಮಕ್ಕಳ ಅಳತೆಯ ಕೋಲುಗಳನ್ನು, ಗೋಲ್‌ಕೀಪರಿನ ಪ್ಯಾಡುಗಳನ್ನು ತೆಗೆದುಕೊಡಬಹುದು. ಹಾಸು ಇರುವ ಮೈದಾನಕ್ಕೆ ವಾರಕ್ಕೊಮ್ಮೆ ಮಕ್ಕಳನ್ನು ಕರೆದೊಯ್ಯುವ ವಾಹನದ ಬಾಡಿಗೆಯನ್ನು ವರ್ಷಪೂರ್ತಿ ವಹಿಸಿಕೊಳ್ಳಬಹುದು. ಇವುಗಳ ಮೇಲೆ ದಾನಿಯ ಹೆಸರನ್ನು ಕೆತ್ತಲಾಗುವುದಿಲ್ಲವೆಂಬುದೇ ತೊಡಕಾದರೆ, ಪ್ಯಾಡಿನ ಮೇಲೆ ಬಣ್ಣದಲ್ಲಿ ಬರೆಸಲು ಯಾವ ವ್ಯಾಯಾಮ ಶಿಕ್ಷಕರೂ ಬೇಡವೆನ್ನಲಾರರು.

ಹಳೆಯ ವಿದ್ಯಾರ್ಥಿಗಳಿಂದ ಬೇಕಾಗಿರುವುದು ಇನ್ನೂ ಅಗ್ಗದ ವಸ್ತು. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ, ಮೈಸೂರಿನಿಂದ ಕಾರಿನಲ್ಲಿ ಬರುವವರು, ವರ್ಷಕ್ಕೊಂದು ದಿನ ಯಾವ ಸಮಾರಂಭವೂ ಇಲ್ಲದಿರುವಾಗ, ಶಾಲೆಯ ತಂಡವು ಗೆಲ್ಲುವ ಭರವಸೆ ಸ್ವಲ್ಪವೂ ಇಲ್ಲದ ಒಂದು ಪಂದ್ಯಕ್ಕೆ ಬರಲಿ. ಛತ್ರಿ ತರಲಿ, ಕೊಡಗಿನಲ್ಲಿ ಶಾಲಾ ಪಂದ್ಯಗಳು ಮಳೆಗೆ ಕಾಯುವುದಿಲ್ಲ. ಎರಡು ಗೋಲು ಹಿಂದೆ ಬಿದ್ದಾಗ ಗೋಲ್‌ಕಂಬದ ಬದಿಯಲ್ಲಿ ನಿಂತು ಆ ಹುಡುಗರನ್ನು ಹೆಸರು ಹಿಡಿದು ಕೂಗಲಿ. ಪಂದ್ಯ ಮುಗಿದ ಮೇಲೆ ಸ್ಟ್ರೋಕ್ ತಪ್ಪಿಸಿದವನು ಯಾರೆಂದು ಕೇಳಿ, ಅವನ ಪಕ್ಕದಲ್ಲಿ ಕುಳಿತು ಬಿಸಿ ಕಾಫಿ ಕುಡಿಯಲಿ. ಮುಂದಿನ ಪಂದ್ಯ ಯಾವಾಗ ಎಂದು ಅವನನ್ನೇ ವಿಚಾರಿಸಲಿ.